ಬೆಂಕಿ ಕಂಡವರು ಬಾಯಿ ಮುಚ್ಚಿಕೊಳ್ಳಬೇಕೆ?

ಅರಣ್ಯಾಧಿಕಾರಿಗಳಾದ ಮಾನ್ಯರೇ,

ಕಪ್ಪತಗುಡ್ಡಕ್ಕೆ ಬೆಂಕಿ ಬಿದ್ದಾಗ ಓಡಿಹೋದವರು ತಮ್ಮ ಕಾನೂನಿಗೆ ಸಿಗುವುದಿಲ್ಲ. ಓಡಿಬಂದು ತಿಳಿಸಿದವರು ಸಿಗುತ್ತಾರೆ. ಇದೇ ನನ್ನ ದೂರು.

ಕಾಡು ಸುಡುವವರನ್ನು ದಂಡಿಸಬಾರದೆಂಬುದು ನನ್ನ ವಾದವಲ್ಲ. ಗುಡ್ಡ ಸುಟ್ಟರೆ ನಮ್ಮ ದನಗಳಿಗೇ ಮೇವಿಲ್ಲ. ಆದರೆ ನಿಯಮ ಮುರಿದವರನ್ನು ಹಿಡಿಯುವ ಮೊದಲು ನಿಯಮವನ್ನು ತಿಳಿಸಬೇಡವೇ? ಹೋದ ನವೆಂಬರಿನಲ್ಲಿ ಕನ್ನಡಿಗರೆಲ್ಲ ಒಂದಾದೆವೆಂದು ಶಿರಹಟ್ಟಿಯಲ್ಲಿ ಪೇಢೆ ಹಂಚಿದೆವು. ಗುಡ್ಡದ ಬುಡದ ಫಲಕಕ್ಕೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಬೇಸಿಗೆಯಲ್ಲಿ ಕಾಡಿನೊಳಗೆ ಒಲೆ ಹೂಡಬಾರದೆಂದು ಅದು ಇಂದಿಗೂ ಹಳೆಯ ಸಂಸ್ಥಾನದ ಮರಾಠಿಯಲ್ಲೇ ಸಾರುತ್ತಿದೆ. ಅತ್ತ ಮೇಯುವ ದನಗಳಿಗೆ ಮರಾಠಿ ಬರುತ್ತದೆಯೋ ಏನೋ, ನಮ್ಮ ದುರಗವ್ವನಿಗೆ ಬರುವುದಿಲ್ಲ.

ದುರಗವ್ವ ನಮ್ಮೂರಿನ ವಿಧವೆ. ಪರವಾನಿಗೆ ಪಡೆದು ಗುಡ್ಡದ ಹುಲ್ಲು ಕೊಯ್ಯುವವಳು. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ಜೊತೆಗೆ ಬಂದಿದ್ದ ಶಂಕ್ರೆವ್ವನಿಗೆ ಚಳಿಜ್ವರ ಏರಿತೆಂದು ಮೂರು ಕಲ್ಲು ಹೂಡಿ ಗಂಜಿ ಕಾಸಿದಳು. ಕಿಡಿ ಹಾರಿ ಹುಲ್ಲು ಹೊತ್ತಿಕೊಂಡಿತು. ಹಸಿ ಟೊಂಗೆ ಮುರಿದು ಬಡಿದಳು. ಅಂಗೈ ಬೊಬ್ಬೆಯೆದ್ದರೂ ಬಿಡದೆ ಆರಿಸಿದಳು. ಆಮೇಲೆ ತಾನಾಗಿಯೇ ಅರಣ್ಯ ಇಲಾಖೆಯ ಗಾರ್ಡನ ಬಾಗಿಲಿಗೆ ಹೋದಳು.

“ನನ್ನ ಕೈಯಿಂದ ತಪ್ಪಾತ್ರಿ. ಬೆಂಕಿ ಆರೈತಿ. ಆದ್ರ ಒಳಗ ಕೆಂಡ ಇರಬೌದು, ಒಮ್ಮಿ ನೋಡಿ ಬರ್ರಿ.”

ಗಾರ್ಡ ಕೆಂಡ ನೋಡಲು ಹೋಗಲಿಲ್ಲ. ಅವಳ ಹೆಸರು ಬರೆದುಕೊಂಡ.

“ಫಲಕ ಕಾಣಲಿಲ್ಲವೇ?” ಎಂದು ಕೋರ್ಟಿನಲ್ಲಿ ಕೇಳಿದರು.

“ಕಂಡಿತ್ರಿ. ಅದರ ನೆರಳಿಗೇ ಶಂಕ್ರೆವ್ವನ್ನ ಮಲಗಿಸಿದ್ದೆ.”

ಸುಳ್ಳು ಹೇಳಲು ಬಾರದ ಈ ಅಪರಾಧಿಗೆ ಸಾದಾ ಸಜೆಯಾಯಿತು. ಗದಗಿನ ಜೈಲಿನಿಂದ ಮರಳಿದಾಗ ಅಂಗೈ ವಾಸಿಯಾಗಿತ್ತು. ಸರಕಾರದ ಆ ಔಷಧೋಪಚಾರಕ್ಕೆ ನಾವು ಕೃತಜ್ಞರು.

ಆದರೆ ಊರು ಪಾಠ ಕಲಿತಿತ್ತು. ಯುಗಾದಿಯ ಮುಂದೆ ಗುಡ್ಡದಲ್ಲಿ ಮತ್ತೆ ಹೊಗೆ ಎದ್ದಿತು. ಯಾರು ಹಚ್ಚಿದರೋ ತಿಳಿಯದು. ಕಟ್ಟೆಯ ಮೇಲಿದ್ದ ನಾವೆಲ್ಲ ನೋಡಿದೆವು, ನೋಡಿ ಬೇರೆ ದಿಕ್ಕಿಗೆ ತಿರುಗಿದೆವು. “ಮೋಡ ಇರಬೇಕು” ಎಂದ ಗಾಳೆಪ್ಪ. ಆ ಬಿಸಿಲಿನಲ್ಲಿ ಎಂಥ ಮೋಡವೆಂದು ಯಾರೂ ಕೇಳಲಿಲ್ಲ. ಸಾಕ್ಷಿಗೆ ಕರೆದಾರು, ಆರೋಪಿಯೆಂದು ಬರೆದಾರು ಎಂಬ ಹೆದರಿಕೆ.

ಅಷ್ಟರಲ್ಲಿ ದುರಗವ್ವ ಬಂದು ನಿಂತಳು. “ಕುಂಡ್ರಿ, ಹಿಂಗ ಕುಂಡ್ರಿ. ನಾಳಿ ದನದ ಮುಂದ ಏನ ಹಾಕ್ತೀರಿ, ಕೋರ್ಟಿನ ಕಾಗದಾ?”

ಅಷ್ಟು ಹೇಳಿ ಒಬ್ಬಳೇ ಗುಡ್ಡದ ಹಾದಿ ಹಿಡಿದಳು. ನಾಚಿಕೊಂಡು ನಾವೂ ಎದ್ದೆವು. ಸಂಜೆಯ ಹೊತ್ತಿಗೆ ಬೆಂಕಿ ನಿಂತಿತು, ಆದರೆ ಒಂದು ಮಗ್ಗುಲು ಇಡೀ ಕರಿಯಾಗಿತ್ತು. ನಾವು ಹೊಗೆ ಕಂಡ ಕೂಡಲೇ ಎದ್ದಿದ್ದರೆ ಅಷ್ಟು ಸುಡುತ್ತಿತ್ತೇ?

ಗಾರ್ಡ ಬಂದು, ಮೊದಲು ಕಂಡವರು ಯಾರೆಂದು ಕೇಳಿದ. ಎಲ್ಲರೂ ತಂತಮ್ಮ ಕಾಲು ನೋಡಿಕೊಂಡೆವು. “ನಾನ ಕಂಡೀನ್ರಿ” ಎಂದಳು ದುರಗವ್ವ. ಹಿಂದೆ ಶಿಕ್ಷೆಯಾದವಳು, ಈ ಬೆಂಕಿಯನ್ನೂ ಇವಳೇ ಹಚ್ಚಿರಬೇಕೆಂಬ ಗುಮಾನಿಯ ಮೇಲೆ ಈಗ ಅವಳಿಗೆ ತಮ್ಮ ಕಚೇರಿಯಿಂದ ಕರೆ ಬಂದಿದೆ.

ಮಾನ್ಯರೇ, ಅವಳ ಹೆಸರನ್ನು ಆರೋಪಿಗಳ ಸಾಲಿನಿಂದ ತೆಗೆಯಿರಿ. ತಾನಾಗಿ ಬಂದು ಖಬರು ಕೊಟ್ಟವರ ಶಿಕ್ಷೆ ಇಳಿಸಿರಿ. ಬೇಸಿಗೆಗೆ ಮುನ್ನ ಹಳ್ಳಿಹಳ್ಳಿಯಲ್ಲಿ ಕನ್ನಡದಲ್ಲಿ ಡಂಗುರ ಹೊಡೆಸಿರಿ.

ಹೋಗಬೇಡವೆಂದು ನಾನೇ ಅವಳಿಗೆ ಹೇಳಿ ನೋಡಿದೆ. “ಕರದಾರಂದ್ರ ಹೋಗಬೇಕಲ್ರಿ. ಆದ್ರ ನಾ ಬರೂತನಕ ನನ್ನ ಎಮ್ಮಿ ಹಿಂಡಾವರು ಯಾರು? ಅದೊಂದು ಸಾಹೇಬರಿಗೆ ಬರದು ಕೇಳ್ರಿ” ಎಂದಳು. ಕೇಳಿದ್ದೇನೆ. ಅವಳನ್ನು ಮತ್ತೆ ಒಳಗಿಡುವುದೇ ನಿಶ್ಚಯವಾದರೆ, ಹಿಂಡಲು ಇಲಾಖೆಯಿಂದ ಒಬ್ಬ ಗಟ್ಟಿ ಆಳನ್ನು ಕಳಿಸಿರಿ.

ಇಂತಿ,
ಹೋದ ಸಲ ಆ ಎಮ್ಮೆಯಿಂದ ಒದೆಸಿಕೊಂಡು ಇನ್ನೂ ಕುಂಟುತ್ತಿರುವ ತಮ್ಮ ಪ್ರಜೆ,
ಹುಚ್ಚೀರಪ್ಪ
ಶಿರಹಟ್ಟಿ ತಾಲೂಕು, ೧೯೫೭