ಬೆವರಿದವಳ ಹಾಲು

ಅತ್ತೆ,

ನಮ್ಮ ಓಣಿಯ ಪಾಡಾ ಕ್ಲಬ್ಬಿನ ಮೈದಾನಕ್ಕೆ ನಡೆಯಲು ಹೋಗಿದ್ದೇನೆ. ಚಿನ್ಮಯಿಗೆ ಹಾಲು ಕುಡಿಸಿಯೇ ಹೊರಟೆ. ನಡುವೆ ಎದ್ದರೆ ಎತ್ತಿಕೊಳ್ಳಿ, ಡಬ್ಬಿ ಹಾಲು ಮಾತ್ರ ಬೇಡ. ನಿಮ್ಮ ಗಂಜಿ ಒಲೆಯ ಮೇಲಿದೆ, ಉಪ್ಪು ಕಡಿಮೆ ಹಾಕಿದ್ದೇನೆ.

"ಬೆವರಿ ಬಂದವಳ ಹಾಲು ಹುಳಿ" ಎಂದು ನಿನ್ನೆ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡಿರಿ. ಅವಳು ಹಸಿದು ಅಳುತ್ತಿದ್ದಳು, ನಾನು ಹಾಲು ಕಟ್ಟಿದ ಎದೆ ಹಿಂಡಿ ಸಿಂಕಿಗೆ ಚೆಲ್ಲಿದೆ. ಇವತ್ತು ಬಂದವಳೇ ಕುಡಿಸುತ್ತೇನೆ. ಅಡ್ಡ ಬರಬೇಡಿ.

ಊರಲ್ಲಿ ದಿನವಿಡೀ ನೇಜಿ ನೆಟ್ಟು, ಗದ್ದೆಯ ಬದುವಿನಲ್ಲೇ ಕೂತು ಮಗನಿಗೆ ಮೊಲೆಯೂಡಿಸಿದೆ ಎಂದು ಹೇಳಿಕೊಳ್ಳುವವರು ನೀವೇ. ಆಗ ನೀವು ಬೆವರಲಿಲ್ಲವೇ?

ಆ ಹಾಲು ಕುಡಿದವರು ಒಳಗೆ ಗೊರಕೆ ಹೊಡೆಯುತ್ತಿದ್ದಾರೆ. ಹುಳಿಯಿತ್ತೇ ಎಂದು ಎಬ್ಬಿಸಿ ಕೇಳಿ.

ಶ್ರೀರಕ್ಷಾ