ಮದ್ದಿನ ಮನೆಯ ದಾರಿ

ಕಮಲಾಕ್ಷಿ,

ಕಾಡಿನಲ್ಲಿ ಮಿಲಿಟ್ರಿಯವರು ಸಿಡಿಮದ್ದು ಇಡಲು ಕಟ್ಟಿ, ಬಿಟ್ಟುಹೋದ ಮದ್ದಿನ ಮನೆಗೆ ಇವತ್ತು ಅಣ್ಣನ ಮಗಳು ಕವನಾಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಫೋಟೋ ಬೇಕಿತ್ತು. ಚಾವಣಿ ಕುಸಿದಿದೆ. ನೀನೂ ವಾಸುವೂ ಮನೆಬಿಟ್ಟು ಓಡಿಬಂದು ಅಡಗಿದ್ದ ಆ ಮೂರು ದಿನ ನಾನು ಬುತ್ತಿ ತಂದಿಡುತ್ತಿದ್ದ ಗೂಡು ಮಾತ್ರ ಹಾಗೇ ಇದೆ.

"ದಾರಿಯೇ ಇಲ್ಲದ ಕಡೆ ಸೀದಾ ಬಂದ್ರಲ್ಲ ಅತ್ತೆ, ನೀವೂ ಮಿಲಿಟ್ರೀಲಿ ಇದ್ರಾ?" ಎಂದು ನಕ್ಕಳು.

"ಸೌದೆಗೆ ಬರ್ತಿದ್ದೆ ಮಾರಾಯ್ತಿ," ಎಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತು! ಅವತ್ತು ನಿನ್ನ ಅಪ್ಪ ದೇವರ ದೀಪ ಮುಟ್ಟಿಸಿ ಕೇಳಿದಾಗ ಬರಲಿಲ್ಲ. ನಿಜ ಹೇಳಿಬಿಟ್ಟೆ. ನಿನ್ನನ್ನು ಎಳೆದು ತಂದು, ತಿಂಗಳೊಳಗೆ ಬೇರೆಯವನಿಗೆ ಕೊಟ್ಟರು. ವರ್ಷ ತುಂಬುವ ಮೊದಲೇ ನೀನು ಹೊಳೆಯ ಪಾಲಾದೆ.

ಇವತ್ತಿನ ಸುಳ್ಳಿಗೆ ದೇವರಿಗೊಂದು ತಪ್ಪುಕಾಣಿಕೆ ಹಾಕಿದರಾಯಿತು. ಅವತ್ತಿನ ನಿಜಕ್ಕೆ ಏನು ಹಾಕಬೇಕೋ ತಿಳಿಯದೆ ಕೂತಿದ್ದೇನೆ.

ಗಿರಿಜೆ