ನಮ್ಮ ಬೀದಿಯ ನೂರಕ್ಕೆ ನೂರು ಹಾಜರಿ

ರಾಜ್ಯದ ನಾಗರಿಕ ಸಹಭಾಗಿತ್ವ ಇಲಾಖೆಯ ಮಾನ್ಯ ನಿರ್ದೇಶಕರೇ,

ಕಳೆದ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಬೀದಿಯ ನಿವೃತ್ತ ಲೈನ್‌ಮನ್ ಒಬ್ಬರು ವಾರದ ಸಭೆಗೆ ಹಾಜರಾಗಿದ್ದರು ಎಂದು ನಿಮ್ಮ ದಾಖಲೆ ಹೇಳುತ್ತದೆ. ಅದೇ ಹತ್ತು ಗಂಟೆಗೆ ಅವರು ತಮ್ಮ ಮನೆಯ ಬಚ್ಚಲಿನ ಬಾಗಿಲಲ್ಲಿ, ಬಲಗೈ ಬಲಗಾಲು ಸ್ವಾಧೀನ ತಪ್ಪಿ, ನೆಲದ ಮೇಲೆ ಬಿದ್ದಿದ್ದರು. ಮಾರನೆಯ ದಿನ ಸಂಜೆ ಐದರವರೆಗೂ ಹಾಗೆಯೇ ಬಿದ್ದಿದ್ದರು. ಈ ಎರಡರಲ್ಲಿ ಒಂದು ಸುಳ್ಳು. ಯಾವುದು ಸುಳ್ಳೆಂದು ನನಗೆ ಗೊತ್ತು, ಏಕೆಂದರೆ ಆ ಮನೆಯ ಬಾಗಿಲು ಒಡೆಸಿದವಳು ನಾನು. ದಾಖಲೆಯನ್ನು ತಿದ್ದಿ ಎಂದು ಕೇಳಿಕೊಂಡು ನಿಮ್ಮ ಕಚೇರಿಗೆ ಮೂರು ಸಲ ಅಲೆದೆ. ಮೂರು ಸಲವೂ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದೆ. ಆದ್ದರಿಂದ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಬೀದಿಯವರಿಗೆ ಟೈಲರಮ್ಮ. ಪತ್ರ ಬರೆದು ಅಭ್ಯಾಸವಿಲ್ಲ. ಅಳತೆ ತಪ್ಪಿದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವುದು ಮಾತ್ರ ಮೂವತ್ತು ವರ್ಷದ ಅಭ್ಯಾಸ. ನಿಮ್ಮಲ್ಲಿ ಬಿಚ್ಚುವ ಪದ್ಧತಿಯೇ ಇಲ್ಲವೆಂದು ನಿಮ್ಮ ಕೌಂಟರಿನವರು ತಿಳಿಸಿದರು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಿಮ್ಮ ಇಲಾಖೆ ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದ ನಮ್ಮ ಬೀದಿಯಲ್ಲಿ ಭಾನುವಾರದ ಸಭೆ ಇತ್ತು. ಬೀದಿಯ ತುದಿಯಲ್ಲಿ, ಪಂಪು ಕೆಟ್ಟು ಖಾಲಿ ಬಿದ್ದಿದ್ದ ನೀರಿನ ಕೋಣೆ. ತಗಡಿನ ಬಾಗಿಲು, ಎರಡು ಕಿಟಕಿ, ಅದರಲ್ಲೊಂದಕ್ಕೆ ಗಾಜಿಲ್ಲ. ಮೂವತ್ತೆಂಟು ಮನೆಗಳಿಂದ ಮನೆಗೊಬ್ಬರು ಬರುತ್ತಿದ್ದರು. ಕೂರಲು ಅವರವರೇ ತಂದಿಟ್ಟ ಸ್ಟೂಲು. ಗೋಡೆಯ ಉದ್ದಕ್ಕೂ ಸುತ್ತಲೂ ಸ್ಟೂಲುಗಳು, ಯಾರ ಜಾಗ ಯಾರೂ ಬದಲಿಸುವಂತಿಲ್ಲ. ಹತ್ತೂಕಾಲಾದರೂ ಯಾವುದಾದರೂ ಸ್ಟೂಲು ಖಾಲಿ ಉಳಿದಿದ್ದರೆ ಅದರ ಎಡಬಲದಲ್ಲಿ ಕುಳಿತವರಿಬ್ಬರು ಎದ್ದು ಹೋಗಿ ಆ ಮನೆಯ ಬಾಗಿಲು ತಟ್ಟಿ ಬರಬೇಕು. ಅವರು ಬಂದು ಸಮಾಚಾರ ಹೇಳುವವರೆಗೆ ಸಭೆ ಶುರುವಾಗುವಂತಿಲ್ಲ. ಈ ನಿಯಮ ಯಾರು ಮಾಡಿದರೋ ಗೊತ್ತಿಲ್ಲ, ಎಲ್ಲೂ ಬರೆದಿಟ್ಟಿರಲಿಲ್ಲ.

ಹೀಗೆ ಹೋದಾಗ ಒಮ್ಮೆ ಪ್ರಿಂಟಿಂಗ್ ಪ್ರೆಸ್ಸಿನವರು ಸೊಂಟ ಹಿಡಿದುಕೊಂಡು ಮಂಚದಿಂದ ಏಳಲಾರದೆ ಮಲಗಿದ್ದು ಗೊತ್ತಾಯಿತು. ಇನ್ನೊಮ್ಮೆ ಬಸ್ ಕಂಡಕ್ಟರ್ ಮನೆಯಲ್ಲಿ ಗಂಡ ಹೆಂಡಿರ ಜಗಳ. ವಿಚಾರಿಸಲು ಹೋದ ಇಬ್ಬರು ತಲಾ ಒಬ್ಬರ ಪಕ್ಷ ಹಿಡಿದು, ತಾವೇ ಮಾತು ಬಿಟ್ಟುಕೊಂಡು ವಾಪಸ್ ಬಂದರು. ಗಂಡ ಹೆಂಡಿರು ಮಾತ್ರ ಒಟ್ಟಿಗೇ ನಗುತ್ತಾ ಅವರ ಹಿಂದೆ ಬಂದರು. ಎಷ್ಟೋ ಸಲ ಬರೀ ನಿದ್ದೆ. ಕಣ್ಣುಜ್ಜಿಕೊಂಡು, ಅಂಗಿ ತಿರುಗುಮುರುಗಾಗಿ ತೊಟ್ಟುಕೊಂಡು ಬಂದು ಕೂರುತ್ತಿದ್ದರು. ಬೈದುಕೊಳ್ಳುತ್ತಿದ್ದರು, ಆದರೂ ಬರುತ್ತಿದ್ದರು.

ಲೈನ್‌ಮನ್ ಅಣ್ಣನ ಸ್ಟೂಲಿನ ಎಡಕ್ಕೆ ನನ್ನದು. ಅವರು ನಮ್ಮ ಸಭೆಯ ಗಂಟಲು. ಯಾವ ವಿಷಯ ತೆಗೆದರೂ ಅವರದೊಂದು ಅಡ್ಡಮಾತು ಇದ್ದದ್ದೇ. ಹೊಸ ದೀಪದ ಕಂಬ ಎಲ್ಲಿ ನೆಡಬೇಕೆಂದು ಎರಡು ತಿಂಗಳು ವಾದಿಸಿದರು. ನಾನು ಸಾಕು ಮಾಡಿ ಎಂದರೆ, "ಏನಮ್ಮ ಟೈಲರಮ್ಮ, ಬಟ್ಟೆ ಕತ್ತರಿಸಿದ ಹಾಗೆ ಮಾತು ಕತ್ತರಿಸ್ತೀಯಲ್ಲ! ಮಕ್ಕಳು ಸ್ಕೂಲಿಂದ ಬರೋ ತಿರುವಲ್ಲಿ ಕತ್ತಲು, ನಿನ್ನ ಅಂಗಡಿ ಮುಂದೆ ಯಾಕೆ ಬೆಳಕು?" ಎನ್ನುತ್ತಿದ್ದರು. ಕಡೆಗೆ ಕಂಬ ಶಾಲೆಯ ತಿರುವಿನಲ್ಲೇ ಬಂತು. ಅವರು ಹೇಳಿದ್ದೇ ಸರಿಯಿತ್ತು ಎಂದು ಎದುರಿಗೆ ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಆಗ ತಾವು ಬಂದಿರಿ. ತಾವೇ ಖುದ್ದಾಗಿ ಬರಲಿಲ್ಲ ಬಿಡಿ, ತಮ್ಮ ತಜ್ಞರ ತಂಡ ಬಂತು. ರಾಜ್ಯದಾದ್ಯಂತ ನಾಗರಿಕ ಸ್ವಾಸ್ಥ್ಯವನ್ನು ಬಲಪಡಿಸುವ ಯೋಜನೆ ಎಂದರು. ಸಮಾಜಕ್ಕೂ ಆರೋಗ್ಯ ಅನಾರೋಗ್ಯ ಇರುತ್ತದೆ, ಅದನ್ನೂ ಅಳೆಯಬಹುದು ಎಂದರು. ಕೇಳಲು ಚೆನ್ನಾಗಿತ್ತು, ನಾವು ತಲೆದೂಗಿದೆವು. ಇಬ್ಬರು ಯುವತಿಯರು ಗಡಿಯಾರ ಹಿಡಿದುಕೊಂಡು ಮೂರು ಭಾನುವಾರ ನಮ್ಮ ಸಭೆಯ ಮೂಲೆಯಲ್ಲಿ ಕುಳಿತರು. ಆಮೇಲೆ ಬಂದ ವರದಿಯಲ್ಲಿ ಒಂದು ಸಾಲು ನನಗೆ ಬಾಯಿಪಾಠವಾಗಿದೆ: "ಸಭೆಯ ಆರಂಭಕ್ಕೆ ಮುನ್ನ ಸರಾಸರಿ ಹದಿನೇಳು ನಿಮಿಷಗಳ ಅನುತ್ಪಾದಕ ಅವಧಿ ಕಂಡುಬಂದಿದ್ದು, ಇದನ್ನು ನಿವಾರಿಸತಕ್ಕದ್ದು." ಮಾನ್ಯರೇ, ಆ ಹದಿನೇಳು ನಿಮಿಷಗಳಲ್ಲೇ ನಾವು ಒಬ್ಬರ ಮನೆಯ ಬಾಗಿಲನ್ನು ಇನ್ನೊಬ್ಬರು ತಟ್ಟುತ್ತಿದ್ದದ್ದು. ಅದನ್ನು ತಾವು ನಿವಾರಿಸಿದಿರಿ.

ಪಂಪಿನ ಕೋಣೆಗೆ ಸುಣ್ಣಬಣ್ಣವಾಯಿತು, ಗಾಜಿನ ಬಾಗಿಲು ಬಂತು, 'ಸಹಭಾಗಿತ್ವ ಕೇಂದ್ರ' ಎಂಬ ಬೋರ್ಡು ಬಂತು. ನಮ್ಮ ಸ್ಟೂಲುಗಳನ್ನು ಮನೆಗೆ ಒಯ್ಯಿರೆಂದರು. ಬದಲಿಗೆ ಸಾಲುಸಾಲಾಗಿ ಸ್ಟೀಲಿನ ಕುರ್ಚಿ, ನೆಲಕ್ಕೆ ಬೋಲ್ಟು ಹಾಕಿ ಬಿಗಿದದ್ದು, ಎಲ್ಲದರ ಮುಖವೂ ವೇದಿಕೆಯ ಕಡೆಗೆ. ಅಂದರೆ ನಮಗೆ ನಮ್ಮ ಮುಂದಿನವರ ಬೆನ್ನು ಕಾಣುತ್ತದೆ, ಮುಖ ಕಾಣುವುದು ವೇದಿಕೆಯಲ್ಲಿರುವವರದು ಮಾತ್ರ. ಉದ್ಘಾಟನೆಯ ದಿನ ಒಮ್ಮೆ, ತಮ್ಮ ವಾರ್ಷಿಕ ವರದಿಗೆ ಫೋಟೊ ಬೇಕೆಂದಾಗ ಒಮ್ಮೆ ಆ ಬಾಗಿಲು ತೆರೆಯಿತು. ಮಿಕ್ಕ ದಿನ ಬೀಗ, ಬೀಗದ ಕೈ ತಮ್ಮ ಕಚೇರಿಯಲ್ಲಿ. ಸಭೆ ಫೋನಿಗೆ ಬಂತು. ಭಾನುವಾರ ಹತ್ತಕ್ಕೆ ಟಣ್ ಎನ್ನುತ್ತದೆ, ಹಾಜರಿ ಒತ್ತಬೇಕು, ತಮ್ಮ ಧ್ವನಿಮುದ್ರಿತ ಭಾಷಣ ಕೇಳಬೇಕು, ಕೊನೆಗೆ 'ತೃಪ್ತಿ ತಂದಿದೆ' ಅಥವಾ 'ತುಂಬಾ ತೃಪ್ತಿ ತಂದಿದೆ' ಎಂದು ಒತ್ತಬೇಕು. ಮೂರನೆಯ ಉತ್ತರ ಇರಲಿಲ್ಲ.

ಇಲ್ಲಿಯವರೆಗೆ ತಮ್ಮ ತಪ್ಪು ಹೇಳಿದೆ. ಇನ್ನು ನನ್ನದು.

ಫೋನಿನ ಸಭೆ ಶುರುವಾದಾಗ ನಮ್ಮ ಬೀದಿಯ ಹಾಜರಿ ನೂರಕ್ಕೆ ಅರವತ್ತೊಂದು. ಹಿಂದಿನ ಬೀದಿಯದು ಎಂಬತ್ತನಾಲ್ಕು. ಆ ಬೀದಿಯಲ್ಲಿ ನನಗೆ ಎದುರಾಳಿಯಾಗಿ ಇನ್ನೊಬ್ಬ ಟೈಲರ್ ಇದ್ದಾನೆ ಎಂಬುದನ್ನೂ ಮುಚ್ಚಿಡುವುದಿಲ್ಲ. ನನಗೆ ಹೊಟ್ಟೆಯುರಿಯಿತು. ತಮ್ಮ ಆ್ಯಪಿನ ಒಳಗೆ ಎಲ್ಲೋ ಮೂಲೆಯಲ್ಲಿ "ಪ್ರತಿ ವಾರ ತಾನಾಗಿಯೇ ಹಾಜರಿ ದಾಖಲಿಸಬೇಕೇ?" ಎಂಬ ಪ್ರಶ್ನೆಯೊಂದಿದೆ. ಪ್ಯಾಂಟು ಗಿಡ್ಡ ಮಾಡಿಸಲು, ಗುಂಡಿ ಹಾಕಿಸಲು ಅಂಗಡಿಗೆ ಬಂದವರಿಂದೆಲ್ಲ ಫೋನ್ ಇಸಿದುಕೊಂಡು 'ಹೌದು' ಒತ್ತಿದೆ. ಬಾರದವರ ಮನೆಗೆ ನಾನೇ ಹೋಗಿ ಒತ್ತಿ ಬಂದೆ. ನೋಡಿ, ಬಾಗಿಲು ತಟ್ಟುವುದನ್ನು ಇನ್ನೂ ಮರೆತಿರಲಿಲ್ಲ, ಯಾತಕ್ಕೆ ತಟ್ಟಬೇಕೆಂಬುದು ಮಾತ್ರ ಮರೆತುಹೋಗಿತ್ತು. ಲೈನ್‌ಮನ್ ಅಣ್ಣ ಫೋನ್ ಕೊಡುತ್ತಾ ನಕ್ಕರು.

"ನಾನು ಹೋಗದೇನೇ ನನ್ನ ಹಾಜರಿ ಹೋಗುತ್ತಾ?"

"ಹೋಗುತ್ತೆ ಅಣ್ಣ. ನೀವು ಆರಾಮಾಗಿರಿ."

"ಜಗಳಾನೂ ಅದೇ ಆಡುತ್ತಾ ನೋಡು. ಅದಕ್ಕೂ ಒಂದು ಗುಂಡಿ ಇದ್ರೆ ಒತ್ತಿಬಿಡು."

ಮುಂದಿನ ವಾರ ನಾವು ರಾಜ್ಯಕ್ಕೇ ಮೊದಲಿಗರು. ಪ್ರಶಸ್ತಿ ಫಲಕವನ್ನು ನಾನೇ ಹೋಗಿ ತಂದು ಅಂಗಡಿಯ ಗೋಡೆಗೆ ಮೊಳೆ ಹೊಡೆದೆ.

ಆ ಭಾನುವಾರ ಲೈನ್‌ಮನ್ ಅಣ್ಣನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ತಂಗಿಯ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಬೆಳಿಗ್ಗೆ ಎಂಟೂವರೆಗೆ ಫೋನ್ ಮಾಡಿದಾಗ ಅಣ್ಣ, "ಗಡ್ಡ ಮಾಡ್ಕೊತಾ ಇದೀನಿ, ಆಮೇಲೆ ಮಾತಾಡ್ತೀನಿ" ಎಂದಿದ್ದರಂತೆ. ಹತ್ತಕ್ಕೆ ನನ್ನ ಫೋನ್ ಟಣ್ ಎಂದಿತು: "ನಿಮ್ಮ ಬೀದಿಯ ಹಾಜರಿ ನೂರಕ್ಕೆ ನೂರು. ಅಭಿನಂದನೆಗಳು." ಶಾಲೆ ಶುರುವಾಗುವ ವಾರ, ಮಿಷನ್ ಮೇಲೆ ನಲವತ್ತು ಅಂಗಿ ಇದ್ದವು. ಓದಿ ಖುಷಿಪಟ್ಟೆ, ಮತ್ತೆ ಪೆಡಲ್ ತುಳಿದೆ. ಅಂದಿನ ಭಾಷಣದ ವಿಷಯ 'ನೆರೆಹೊರೆಯವರ ಪರಸ್ಪರ ಕಾಳಜಿ' ಎಂದು ಆಮೇಲೆ ನೋಡಿದೆ.

ಸೋಮವಾರ ಸಂಜೆ ಅತ್ತಿಗೆಯ ಕರೆ ಬಂತು. "ನಿನ್ನೆಯಿಂದ ಫೋನೇ ಎತ್ತುತಾ ಇಲ್ಲ ಕಣೆ. ಒಂಚೂರು ನೋಡಿ ಬರ್ತೀಯಾ?" ನಾನು ಏನು ಹೇಳಿದೆ ಗೊತ್ತೇ ಮಾನ್ಯರೇ? "ಏನೂ ಆಗಿರಲ್ಲ ಅತ್ತಿಗೆ, ನಿನ್ನೆ ಮೀಟಿಂಗಿಗೆ ಬಂದಿದ್ರಲ್ಲ" ಎಂದೆ. ನನ್ನ ಕೈಯಾರೆ ಒತ್ತಿದ ಸುಳ್ಳನ್ನು ನಾನೇ ನಂಬಿ, ಅವರಿಗೂ ನಂಬಿಸಲು ಹೊರಟಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಈಯಿತು ಎಂದವಳೂ ನಾನೇ, ಕಟ್ಟು ಎಂದವಳೂ ನಾನೇ.

ಹೋಗಿ ತಟ್ಟಿದೆ. ಕೂಗಿದೆ. ಬಡಗಿಯನ್ನು ಕರೆಸಿ ಚಿಲಕ ಒಡೆಸಿದೆ. ಅವರ ಒಂದು ಕೆನ್ನೆ ನುಣ್ಣಗಿತ್ತು. ಇನ್ನೊಂದು ಕೆನ್ನೆಯ ಮೇಲೆ ಸೋಪಿನ ನೊರೆ ಒಣಗಿ ಬಿಳಿಯ ಹಕ್ಕಳೆಯಾಗಿತ್ತು. ಕಣ್ಣು ತೆರೆದೇ ಇತ್ತು. ನಾವು ಒಳಗೆ ಬಂದದ್ದು ಅವರಿಗೆ ತಿಳಿಯಿತು. ಅವರು ನನ್ನನ್ನು ನೋಡಿದ ಆ ನೋಟವನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, "ಬಿದ್ದ ಮೂರ್ನಾಲ್ಕು ಗಂಟೆ ಒಳಗೆ ತಂದಿದ್ರೆ ಔಷಧಿ ಕೊಡಬಹುದಿತ್ತಮ್ಮ. ಮಾತು ಉಳಿಯೋ ಸಾಧ್ಯತೆ ಇತ್ತು" ಎಂದರು. ಎಂಟೂವರೆಯ ನಂತರ ಬಿದ್ದವರ ಬಾಗಿಲನ್ನು ಹತ್ತೂಕಾಲಿಗೆ ಹೋಗಿ ತಟ್ಟಿದ್ದರೆ ಎಷ್ಟು ಹೊತ್ತಾಗುತ್ತಿತ್ತು? ಲೆಕ್ಕ ತಾವೇ ಹಾಕಿ, ತಮ್ಮಲ್ಲಿ ಗಡಿಯಾರ ಹಿಡಿದವರಿದ್ದಾರೆ.

ಈಗ ಅವರು ಮನೆಯಲ್ಲಿದ್ದಾರೆ. ಮಾತು ಹೋಗಿದೆ. ಅತ್ತಿಗೆ ಗಂಜಿ ಕುಡಿಸಲೇ ಎಂದರೆ ತಲೆಯಾಡಿಸುತ್ತಾರೆ, ಬೇಡವೇ ಎಂದರೂ ತಲೆಯಾಡಿಸುತ್ತಾರೆ. ಯಾವುದಕ್ಕೂ ಅಡ್ಡಮಾತಿಲ್ಲ. ತಮ್ಮ ಇಲಾಖೆ ಬಯಸುವ ಆದರ್ಶ ನಾಗರಿಕ ಇಂಥವನೇ ಇರಬೇಕು. ಪ್ರತಿ ಭಾನುವಾರ ಅವರ ಫೋನು ಈಗಲೂ ಹಾಜರಿ ಹಾಕುತ್ತದೆ.

ನಿಮ್ಮ ಕಚೇರಿಗೆ ಬಂದು ನಾನು ಕೇಳಿದ್ದು ಇಷ್ಟೇ: ಆ ಒಂದು ಭಾನುವಾರ ಅವರ ಹೆಸರಿನ ಮುಂದೆ 'ಗೈರುಹಾಜರು' ಎಂದು ಬರೆಯಿರಿ. ಕೌಂಟರಿನವರು ಒಳ್ಳೆಯವರೇ, ಕುಡಿಯಲು ನೀರು ಕೊಟ್ಟರು. ಆದರೆ ಹೇಳಿದ್ದು ಹೀಗೆ:

"ಹಾಜರಿ ಬಿದ್ಮೇಲೆ ತೆಗೆಯೋಕೆ ಬರಲ್ಲ ಮೇಡಂ. ಗೈರುಹಾಜರಿ ಅನ್ನೋ ಕಾಲಮ್ಮೇ ಇದರಲ್ಲಿ ಇಲ್ಲ."

"ಹಾಗಾದ್ರೆ ಸತ್ತವರಿಗೆ ಏನು ಮಾಡ್ತೀರಿ?"

"ಮರಣ ಪ್ರಮಾಣಪತ್ರ ತಂದ್ರೆ ಹೆಸರೇ ತೆಗೀತೀವಿ."

"ಅವರು ಸತ್ತಿಲ್ಲವಲ್ಲಪ್ಪ."

"ಮತ್ತೆ ಹಾಜರಿದಾರೆ ಅಂತಾಯ್ತಲ್ಲ ಮೇಡಂ."

ರಾಜ್ಯದ ನಾಗರಿಕ ಸ್ವಾಸ್ಥ್ಯ ಸೂಚ್ಯಂಕ ಈ ವರ್ಷ ಎಂಬತ್ತಾರಕ್ಕೆ ಏರಿದೆ ಎಂದು ತಮ್ಮ ವರದಿಯಲ್ಲಿ ಓದಿದೆ. ಮುಖಪುಟದಲ್ಲಿ ನಮ್ಮ ಬೀದಿಯ ಕೋಣೆಯದೇ ಫೋಟೊ. ಆ ಎಂಬತ್ತಾರರಲ್ಲಿ ನಮ್ಮ ಲೈನ್‌ಮನ್ ಅಣ್ಣನೂ ಒಂದು ಚೂರು ಇದ್ದಾರೆ, ನೆಲದ ಮೇಲೆ ಬಿದ್ದುಕೊಂಡು. ಅಂಥವರು ರಾಜ್ಯದಲ್ಲಿ ಇನ್ನೆಷ್ಟು ಜನ? ತಮಗೆ ಗೊತ್ತಾಗುವುದಾದರೂ ಹೇಗೆ? ಯಾರು ಬರಲಿಲ್ಲ ಎಂದು ಕೇಳುವ ಜಾಗವನ್ನೇ ತಾವು ಇಟ್ಟುಕೊಂಡಿಲ್ಲ. ಬಂದವರನ್ನು ಎಣಿಸುವುದು ಸುಲಭ ಮಾನ್ಯರೇ, ಅದನ್ನು ಯಂತ್ರವೂ ಮಾಡುತ್ತದೆ. ಬಾರದವರನ್ನು ಹುಡುಕಿಕೊಂಡು ಹೋಗಲು ಕಾಲು ಬೇಕು, ಸ್ವಲ್ಪ ಸಂಕೋಚ ಬಿಡಬೇಕು, ಹೋದಲ್ಲಿ ಬೈಸಿಕೊಳ್ಳಲೂ ತಯಾರಿರಬೇಕು.

ತಾವು ಕೇಳಬಹುದು: ಬಾಗಿಲು ತಟ್ಟಬೇಡಿ ಎಂದು ಇಲಾಖೆ ಎಲ್ಲಿ ಹೇಳಿದೆ? ಹೇಳಿಲ್ಲ, ನಿಜ. ಸಭೆ ಇರಲಿ ಬಿಡಲಿ, ನಾನು ಹೋಗಬಹುದಿತ್ತು. ಅಂದಿನಿಂದ ನನ್ನನ್ನು ನಾನೇ ಇದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೇನೆ. ನನಗೆ ಸಿಗುವ ಉತ್ತರ ಒಂದೇ. ಎಲ್ಲರೂ ಇದ್ದಾರೆಂದು ಸರ್ಕಾರವೇ ಬರೆದು ತಿಳಿಸಿದ ಮೇಲೆ ನೋಡುವುದನ್ನು ನಾನು ಬಿಟ್ಟೆ. ನಾನೊಬ್ಬಳೇ ಅಲ್ಲ, ಉಳಿದ ಮೂವತ್ತಾರು ಮನೆಯವರೂ ಬಿಟ್ಟರು. ಎದುರು ಮನೆಯವರು ಹೇಗಿದ್ದಾರೆಂದು ಫೋನ್ ನೋಡಿ ತಿಳಿದುಕೊಳ್ಳುವ ಜನ ನಾವಾಗಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಆ ಕೋಣೆಯ ಬೀಗದ ಕೈಯನ್ನು ನಮಗೆ ಕೊಡಿ. ಬೋಲ್ಟು ಬಿಚ್ಚಿ ಕುರ್ಚಿಗಳನ್ನು ಒಯ್ಯಿರಿ, ಕೂರುವುದಕ್ಕೆ ನಮ್ಮಲ್ಲಿದೆ. ತಾನಾಗಿಯೇ ಬೀಳುವ ಹಾಜರಿಯನ್ನು ಇಡೀ ರಾಜ್ಯದಲ್ಲಿ ಇಂದೇ ನಿಲ್ಲಿಸಿ. 'ಗೈರುಹಾಜರು' ಎಂಬ ಕಾಲಮ್ ತೆರೆಯಿರಿ. ಸೂಚ್ಯಂಕ ಬಿದ್ದರೆ ಬೀಳಲಿ, ಅದಕ್ಕೆ ಮೂಳೆ ಮುರಿಯುವುದಿಲ್ಲ. ಪ್ರಶಸ್ತಿ ಫಲಕವನ್ನು ಈ ಪತ್ರದ ಜೊತೆಗೇ ಕಳಿಸಿದ್ದೇನೆ.

ಆ ಕಾಲಮ್ ತೆರೆದ ದಿನ ಮೊದಲು ಎರಡು ಹೆಸರು ಬರೆಯಿರಿ. ಒಂದು ಲೈನ್‌ಮನ್ ಅಣ್ಣನದು. ಇನ್ನೊಂದು ನನ್ನದು. ಆ ಭಾನುವಾರ ನಾನು ಅವರ ಬಾಗಿಲಿನಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ ಕುಳಿತು ಅಂಗಿ ಹೊಲಿಯುತ್ತಿದ್ದೆ. ಹಾಜರಿರಲಿಲ್ಲ.

ಇಂತಿ,
ತಮ್ಮ ಪಟ್ಟಿಯಲ್ಲಿ ಇಂದಿಗೂ ಒಂದು ವಾರವೂ ತಪ್ಪಿಸದ ಸಹಭಾಗಿ,
ಸಮವಸ್ತ್ರ ಹೊಲಿಯುವವಳು